ಟಿಕೆಟ್ಟಿನ ಗಂಟೆ ಬೇರೆ, ನೀರಿನ ನಿಮಿಷ ಬೇರೆ

ಈ ಸಲದ ಅಂಚೆಯಲ್ಲಿ ಕೇಬಲ್ ವೇಕ್‌ಬೋರ್ಡಿಂಗ್ ಪತ್ರಗಳೇ ಹೆಚ್ಚು. ಗೊತ್ತಿಲ್ಲದವರಿಗೆ ಎರಡು ಮಾತು: ಕೆರೆಯ ಸುತ್ತ ಕಂಬ ನೆಟ್ಟು, ತಲೆಯಿಂದ ಎಷ್ಟೋ ಮೇಲೆ ಉಕ್ಕಿನ ಹಗ್ಗ ಓಡಿಸುತ್ತಾರೆ. ಅದಕ್ಕೆ ಇಳಿಬಿಟ್ಟ ಹಗ್ಗದ ತುದಿಯ ಹ್ಯಾಂಡಲ್ ಹಿಡಿದು, ಕಾಲಿಗೆ ಹಲಗೆ ಕಟ್ಟಿಕೊಂಡು ನೀರ ಮೇಲೆ ಜಾರುವುದು. ದೋಣಿ ಬೇಕಿಲ್ಲ. 1960ರ ದಶಕದಲ್ಲಿ ಜರ್ಮನಿಯ ಎಂಜಿನಿಯರ್ ಬ್ರೂನೊ ರಿಕ್ಸೆನ್ ವಾಟರ್ ಸ್ಕೀಗೆಂದು ರೂಪಿಸಿದ ಏರ್ಪಾಡು ಇದು. ವೇಕ್‌ಬೋರ್ಡ್ ಆಮೇಲೆ ಬಂದು ಅದನ್ನೇ ತನ್ನದಾಗಿಸಿಕೊಂಡಿತು.

ಪ್ರಶ್ನೆ: ಡಿಸೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಐದು ದಿನಕ್ಕೆ ಥಾಯ್ಲೆಂಡಿಗೆ ಹೊರಟಿದ್ದೇವೆ. ಇಬ್ಬರಿಗೂ ಈಜು ಬರುತ್ತದೆ, ಬೋರ್ಡ್ ಮೇಲೆ ನಿಂತವರಲ್ಲ. ಬ್ಯಾಂಕಾಕಿನ ಪಕ್ಕದ್ದು, ಪಟ್ಟಾಯದ್ದು, ಫುಕೆಟ್‌ನದ್ದು ಎಲ್ಲವೂ ಚೆನ್ನಾಗಿವೆ ಅನ್ನುತ್ತಾರೆ. ಯಾವುದು ಆರಿಸೋಣ? ನಾಲ್ಕು ಗಂಟೆಯ ಟಿಕೆಟ್ ಕೊಂಡರೆ ಲಾಭವೇ?
— ಜಯನಗರ, ಬೆಂಗಳೂರು

ಊರು ಆರಿಸುವ ಮುಂಚೆ ಕೇಬಲ್ ಆರಿಸಿ. ಕೇಬಲ್‌ನಲ್ಲಿ ಎರಡು ಜಾತಿ. ದೊಡ್ಡದಕ್ಕೆ ಐದೋ ಆರೋ ಕಂಬ. ಹಗ್ಗ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ನಿಲ್ಲದೆ ಸುತ್ತುತ್ತದೆ, ಒಂದೇ ಹೊತ್ತಿಗೆ ಎಂಟು–ಹತ್ತು ಜನ ನೀರಲ್ಲಿರುತ್ತಾರೆ. ಚಿಕ್ಕದಕ್ಕೆ ಎರಡೇ ಕಂಬ. ಒಬ್ಬರನ್ನೇ ಆಚೆಗೂ ಈಚೆಗೂ ಎಳೆಯುತ್ತದೆ, ರಿಮೋಟು ಹಿಡಿದ ಆಪರೇಟರ್ ನಿಮ್ಮನ್ನೇ ನೋಡುತ್ತ ವೇಗ ಏರಿಸಿ ಇಳಿಸುತ್ತಾನೆ. ಬಿದ್ದರೆ ನಿಲ್ಲಿಸಿ, ಹ್ಯಾಂಡಲನ್ನು ನಿಮ್ಮ ಕೈಗೇ ತಂದುಕೊಡುತ್ತಾನೆ.

ಈಗ ನಾಲ್ಕು ಗಂಟೆಯ ಟಿಕೆಟ್ಟಿನ ಲೆಕ್ಕ. 800 ಮೀಟರ್ ಸುತ್ತಳತೆಯ ದೊಡ್ಡ ಕೇಬಲ್ ಅಂದುಕೊಳ್ಳಿ. ಬಲ್ಲವನಿಗೆ ಒಂದು ಸುತ್ತು 96 ಸೆಕೆಂಡಿನ ಮಾತು. ಹೊಸಬರ ಪಾಡು ಹೀಗಲ್ಲ. ಮೊದಲ ಮೂರು–ನಾಲ್ಕು ಸಲ ಕಟ್ಟೆಯಿಂದ ಐದು ಮೀಟರಿನಲ್ಲೇ ಮುಳುಗು. ಆಮೇಲೆ ಹೇಗೋ ಎದ್ದು ನಿಂತರೆ 150 ಮೀಟರ್ ಆಚೆಯ ಮೊದಲ ತಿರುವಿನಲ್ಲಿ ಬೀಳುತ್ತೀರಿ. ಅದು ಹೆಚ್ಚೆಂದರೆ 18 ಸೆಕೆಂಡಿನ ಸವಾರಿ. ದಡಕ್ಕೆ ಈಜಿ, ಹಲಗೆ ಕಂಕುಳಲ್ಲಿಟ್ಟುಕೊಂಡು ಬರಿಗಾಲಲ್ಲಿ ನಡೆದು, ಮತ್ತೆ ಸಾಲಿನಲ್ಲಿ ನಿಂತು ಸರದಿ ಬರುವಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತದೆ. ನಾಲ್ಕು ಗಂಟೆಗೆ ಹದಿನಾರು ಪ್ರಯತ್ನ, ಎಲ್ಲ ಸೇರಿಸಿದರೂ ಐದು ನಿಮಿಷಕ್ಕಿಂತ ಕಮ್ಮಿ! ಅದೇ ಎರಡು ಕಂಬದ ಕೇಬಲ್‌ನಲ್ಲಿ ಹದಿನೈದು ನಿಮಿಷ ಬುಕ್ ಮಾಡಿದರೆ, ಬಿದ್ದದ್ದು ಎದ್ದದ್ದು ಕಳೆದು ಏಳೆಂಟು ನಿಮಿಷ ಹಗ್ಗದ ಎಳೆತ ಕೈಯಲ್ಲಿರುತ್ತದೆ. ನಿಮಿಷಕ್ಕೆ ಹೋಲಿಸಿದರೆ ದುಬಾರಿಯಾಗಿ ಕಂಡದ್ದೇ ಅಗ್ಗ.

ಹಾಗಾಗಿ ಪಾರ್ಕಿಗೆ ಕೇಳುವ ಮೊದಲ ಪ್ರಶ್ನೆ: 'ಎರಡು ಕಂಬದ ಕೇಬಲ್ ಇದೆಯೇ, ನಾವು ಬರುವ ದಿನ ಓಡುತ್ತದೆಯೇ?' ಎರಡನೆಯ ಅರ್ಧವೇ ಮುಖ್ಯ. ದೊಡ್ಡದನ್ನು ಓಡಿಸಿ ಚಿಕ್ಕದನ್ನು ವಾರಾಂತ್ಯಕ್ಕೆ ಮಾತ್ರ ತೆರೆಯುವ ಜಾಗಗಳಿವೆ. ವಾರದಲ್ಲೊಂದು ದಿನ ರಿಪೇರಿಗೆಂದು ಬಾಗಿಲು ಹಾಕುವ ಜಾಗಗಳೂ ಇವೆ. ಫೋಟೋದಲ್ಲಿ ಕಾಣುವ, ಬಲ್ಲವರು ಹಲಗೆ ಹತ್ತಿಸಿ ಜಾರುವ ರಾಂಪು (ಇಳಿಜಾರು ಕಟ್ಟೆ), ರೈಲುಗಳ (ಕಂಬಿ) ಸಂಖ್ಯೆ ನೋಡಿ ಮರುಳಾಗಬೇಡಿ. ಮೊದಲ ಐದು ದಿನ ಅವುಗಳಿಂದ ದೂರ ಹೋಗುವುದನ್ನು ಕಲಿಯುವುದೇ ನಿಮ್ಮ ಕೆಲಸ.

ಐದು ದಿನದಲ್ಲಿ ಕಲಿಕೆಯೇ ಮುಖ್ಯ ಅನ್ನುವುದಾದರೆ ಬ್ಯಾಂಕಾಕ್ ಉತ್ತರಕ್ಕಿರುವ ಪಥುಮ್ ಥಾನಿ ಪ್ರಾಂತದ ಲಾಮ್ ಲುಕ್ ಕಾದಲ್ಲಿನ ಥಾಯ್ ವೇಕ್ ಪಾರ್ಕ್ ಕಡೆಗೆ ನಮ್ಮ ಒಲವು. ಅಲ್ಲಿ ಒಂದಕ್ಕಿಂತ ಹೆಚ್ಚು ಕೇಬಲ್‌ಗಳಿರುವುದರಿಂದ ಹೊಸಬರು ಬಲ್ಲವರ ಸಾಲಿನಲ್ಲಿ ಸಿಕ್ಕಿಬೀಳುವುದು ಕಮ್ಮಿ. ಬಿಟಿಎಸ್ ರೈಲಿನ ಸುಖುಮ್ವಿತ್ ಮಾರ್ಗದಲ್ಲಿ ಉತ್ತರದ ಕೊನೆಯ ನಿಲ್ದಾಣ ಖು ಖೊಟ್ ಇಳಿದು, ಅಲ್ಲಿಂದ ಗ್ರ್ಯಾಬ್ ಕಾರು (ನಮ್ಮ ಓಲಾದಂತೆ ಆ್ಯಪ್‌ನಲ್ಲಿ ಕರೆಯುವುದು) ಹಿಡಿಯಬಹುದು. ನಗರದ ನಡುವೆ ಉಳಿದುಕೊಂಡು ದಿನಾ ಓಡಾಡುತ್ತೇವೆ ಅಂದರೆ ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನು ನೆನಪಾದೀತು. ಎರಡು ರಾತ್ರಿ ಆ ಕಡೆಯೇ ತಂಗಿ.

ಸಮುದ್ರ, ಪೇಟೆ, ಸುತ್ತಾಟ ಎಲ್ಲದರ ನಡುವೆ ಒಂದು ಬೆಳಗ್ಗೆ ವೇಕ್‌ಬೋರ್ಡ್ ಅನ್ನುವುದಾದರೆ ಪಟ್ಟಾಯದ ಲೇಕ್‌ಲ್ಯಾಂಡೋ ಫುಕೆಟ್‌ನ ಕಥು ಪ್ರದೇಶದ ಫುಕೆಟ್ ವೇಕ್ ಪಾರ್ಕೋ ಸಾಕು. ಯಾವುದು ನಿಮ್ಮ ಹೋಟೆಲಿಗೆ ಹತ್ತಿರವೋ ಅದು. ಫಿಲಿಪ್ಪೀನ್ಸಿನ ಕಾಮರೀನೆಸ್ ಸುರ್‌ನಲ್ಲಿರುವ ಸಿಡಬ್ಲ್ಯೂಸಿ ಬಹಳ ಹೆಸರುವಾಸಿ ಪಾರ್ಕು, ಆದರೆ ಬೆಂಗಳೂರಿನಿಂದ ಮನಿಲಾ, ಅಲ್ಲಿಂದ ಮತ್ತೊಂದು ಪಯಣ ಅಂತ ಹೋಗಿಬರುವುದರಲ್ಲೇ ಐದು ದಿನದ ರಜೆಯಲ್ಲಿ ಎರಡು ದಿನ ಮುಗಿಯುತ್ತದೆ. ಅದಕ್ಕೆ ಹತ್ತು ದಿನ ಇಟ್ಟುಕೊಂಡು ಹೋಗಿ.

ಇನ್ನು ದಿನಗಳ ಹಂಚಿಕೆ. ವಿಮಾನ ಇಳಿದ ದಿನ ಬೇಡ. ಎರಡನೆಯ ದಿನ ಬೆಳಗ್ಗೆ ಒಬ್ಬೊಬ್ಬರಿಗೆ ಹದಿನೈದು ನಿಮಿಷದ ಎರಡು ಸರದಿ, ನಡುವೆ ಮುಕ್ಕಾಲು ಗಂಟೆ ವಿರಾಮ. ಮೂರನೆಯ ದಿನವೂ ಹಾಗೇ. ನಾಲ್ಕನೆಯ ದಿನ ದೊಡ್ಡ ಕೇಬಲ್‌ಗೆ ಎರಡು ಗಂಟೆ, ವಾರದ ನಡುವಿನ ದಿನವಾದರೆ ಒಳ್ಳೆಯದು. ಸಂಜೆ ಐದರ ಮೇಲೆ, ಶನಿವಾರ–ಭಾನುವಾರ ಸ್ಥಳೀಯರೆಲ್ಲ ಅಲ್ಲೇ. ಮೊದಲ ದಿನವೇ ಆಸೆಗೆ ಬಿದ್ದು ಗಂಟೆಗಟ್ಟಲೆ ಎಳೆಸಿಕೊಂಡರೆ ಮರುದಿನ ಮುಂಗೈ ಬಿಗಿದು ನೀರಿನ ಬಾಟಲಿಯ ಮುಚ್ಚಳ ತಿರುಗಿಸಲೂ ಆಗದು. ಕಾಲಿಗಿಂತ ಮೊದಲು ಸೋಲುವುದು ಹಿಡಿತ.

ಪ್ರಶ್ನೆ: ಶುರುವಿನಲ್ಲೇ ಎಲ್ಲರೂ ಮುಗ್ಗರಿಸುವುದೇಕೆ? ಊರಲ್ಲೇ ಏನಾದರೂ ಅಭ್ಯಾಸ ಮಾಡಿಕೊಂಡು ಹೋಗಬಹುದೇ?
— ಹುಬ್ಬಳ್ಳಿ

ಎದ್ದು ನಿಲ್ಲುವ ಅವಸರವೇ ಕಾರಣ. ನೀರಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೀರಿ, ಮೊಣಕಾಲು ಎದೆಗೆ, ತೋಳು ಮೊಣಕಾಲಿನ ಹೊರಗೆ ನೇರವಾಗಿ, ಹಲಗೆ ನಿಮ್ಮ ಮುಂದೆ ಅಡ್ಡಡ್ಡವಾಗಿ ಮೇಲಂಚು ಮಾತ್ರ ಹೊರಗೆ ಕಾಣುವಂತೆ. ಕೇಬಲ್ ಎಳೆದಾಗ ನೀರು ಹಲಗೆಯ ತಳಕ್ಕೆ ಒತ್ತಿ ತಾನಾಗಿಯೇ ನಿಮ್ಮನ್ನು ಮೇಲೆತ್ತುತ್ತದೆ. ಅದಕ್ಕೆ ಎರಡು–ಮೂರು ಸೆಕೆಂಡು ಬೇಕು. ಅಷ್ಟರೊಳಗೆ ನೀವು ಕಾಲು ಚಾಚಿದಿರೋ, ಹಲಗೆ ನೇಗಿಲಿನಂತೆ ನೀರನ್ನು ಉಳತೊಡಗುತ್ತದೆ. ಎಳೆತ ಇಮ್ಮಡಿಯಾಗಿ ಹ್ಯಾಂಡಲ್ ಕೈಯಿಂದ ಕಿತ್ತುಹೋಗುತ್ತದೆ, ಇಲ್ಲವೇ ಮುಖ ಅಡಿಯಾಗಿ ಬೀಳುತ್ತೀರಿ.

ಎರಡನೆಯ ತಪ್ಪು, ಬಾವಿಯ ಹಗ್ಗ ಸೇದುವಂತೆ ಹ್ಯಾಂಡಲನ್ನು ಎದೆಗೆ ಎಳೆದುಕೊಳ್ಳುವುದು. ಎಳೆದ ಕ್ಷಣಕ್ಕೆ ಹಗ್ಗ ಸಡಿಲವಾಗುತ್ತದೆ, ಆಧಾರ ತಪ್ಪಿ ಬೆನ್ನ ಮೇಲೆ ಬೀಳುತ್ತೀರಿ. ತೋಳನ್ನು ಬರಿಯ ಹಗ್ಗದ ಮುಂದುವರಿಕೆ ಅಂದುಕೊಳ್ಳಿ. ಪೂರ್ತಿ ಮೇಲೆ ಬಂದು ನೀರು ಹಲಗೆಯ ಕೆಳಗೆ ಸರಸರ ಹರಿಯತೊಡಗಿದ ಮೇಲೆ ಮುಂಗಾಲನ್ನು ಹೋಗುವ ದಿಕ್ಕಿಗೆ ತಿರುಗಿಸಿ, ಹ್ಯಾಂಡಲನ್ನು ಮುಂದಿನ ಸೊಂಟದ ಬಳಿ ಕೆಳಗಿಟ್ಟುಕೊಳ್ಳಿ, ಭಾರ ತುಸು ಹಿಂಗಾಲಿಗೆ. ಕಣ್ಣು ಕಂಬದ ಕಡೆ. ಹಲಗೆ ನೋಡಿದವರು ಹಲಗೆಯ ಮೇಲೆಯೇ ಬೀಳುತ್ತಾರೆ.

ಊರಿನ ಅಭ್ಯಾಸ ಸುಲಭ. ಮೊದಲು ನಿಮ್ಮ ಮುಂಗಾಲು ಯಾವುದು ಗೊತ್ತುಮಾಡಿಕೊಳ್ಳಿ: ಸಾಕ್ಸ್ ಹಾಕಿಕೊಂಡು ನುಣ್ಣನೆಯ ನೆಲದ ಮೇಲೆ ಓಡಿ ಜಾರಿ, ಯಾವ ಕಾಲು ಮುಂದೆ ಬಂತೋ ಅದು. ಆಮೇಲೆ ಗಟ್ಟಿಯಾದ ಟವೆಲನ್ನು ಗೆಳೆಯನ ಕೈಗೆ ಕೊಟ್ಟು, ನೀವು ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಇನ್ನೊಂದು ತುದಿ ಹಿಡಿಯಿರಿ. ಅವನು ನಿಧಾನವಾಗಿ ಎಳೆಯಲಿ. ತೋಳು ಮಡಿಸದೆ, ಅವನ ಎಳೆತದಿಂದಲೇ ಏಳಬೇಕು. ದಿನಕ್ಕೆ ಇಪ್ಪತ್ತು ಸಲ, ಎರಡು ವಾರ. ಹಿಮ್ಮಡಿ ಊರಿ ಕುಕ್ಕರಗಾಲಲ್ಲಿ ಕೂರುವ ರೂಢಿ ಬಿಟ್ಟುಹೋಗಿದ್ದರೆ ಅದನ್ನೂ ಮರಳಿ ತಂದುಕೊಳ್ಳಿ. ಮುಂಗೈ ಬಲಕ್ಕೆ ಬಾರ್ ಹಿಡಿದು ಜೋತುಬೀಳುವುದು, ಒಂದು ಸಲಕ್ಕೆ 30 ಸೆಕೆಂಡು.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ಲೈಫ್ ಜಾಕೆಟ್ ಕೊಡುತ್ತಾರಲ್ಲ, ಸಾಲದೇ?
— ಮಂಗಳೂರು

ಸಾಲದು. ಅಲ್ಲಿ ಎರಡು ಬಗೆಯ ಜಾಕೆಟ್ ನೇತುಹಾಕಿರುತ್ತಾರೆ, ನೋಡಲು ಒಂದೇ ಥರ. ತೆಳ್ಳಗೆ ಮೈಗಂಟುವ ಇಂಪ್ಯಾಕ್ಟ್ ವೆಸ್ಟ್ ಪಕ್ಕೆಲುಬಿಗೆ ಪೆಟ್ಟಾಗದಿರಲೆಂದು ಇರುವುದು, ತೇಲಿಸುತ್ತದೆಂದು ನೆಚ್ಚುವಂತಿಲ್ಲ. ದಪ್ಪನೆಯದರ ಒಳಗಡೆಯ ಚೀಟಿಯಲ್ಲಿ '50 ಎನ್' (50 ನ್ಯೂಟನ್, ತೇಲಿಸುವ ಬಲದ ಅಳತೆ) ಎಂದಿದ್ದರೆ ಅದು ತೇಲಲು ನೆರವು, ಆದರೆ ಈಜು ಬಲ್ಲವರಿಗೆಂದೇ ಮಾಡಿದ್ದು. ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವ ಕೆಲಸ ಅದರದ್ದಲ್ಲ.

ಬಿದ್ದಾಗ ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುತ್ತವೆ ಅನ್ನುವುದನ್ನು ಮರೆಯಬೇಡಿ. ಕಾಲು ಬಡಿಯಲಾಗದು, ಕೈಯಿಂದಲೇ ಸಾಗಬೇಕು. ನೀರಿನಲ್ಲಿ ಗಾಬರಿಯಾದವರಿಗೆ ಇದು ತೀರಾ ಕಷ್ಟ. ದೊಡ್ಡ ಕೇಬಲ್‌ನಲ್ಲಾದರೆ ಹಿಂದಿನಿಂದ ಇನ್ನೊಬ್ಬ ಬರುತ್ತಿರುತ್ತಾನೆ, ಬೇಗ ಪಕ್ಕಕ್ಕೆ ಸರಿಯಬೇಕು. ಒಂದು ತಿಂಗಳು ಈಜುಕೊಳಕ್ಕೆ ಹೋಗಿ. ಜಾಕೆಟ್ ತೊಟ್ಟು, ಕಾಲು ಜೋಡಿಸಿಕೊಂಡೇ 25 ಮೀಟರ್ ಸಾಗಲು ಬಂದರೆ, ಮುಖ ಮುಳುಗಿದಾಗ ಉಸಿರು ಕಟ್ಟಿ ಸುಮ್ಮನಿರಲು ಬಂದರೆ, ಆಗ ಎರಡು ಕಂಬದ ಕೇಬಲ್‌ಗೆ ಹೋಗಿ. ಆಪರೇಟರ್‌ಗೆ ಮೊದಲೇ ಹೇಳಿ. ನಾಚಿಕೆಯಿಂದ ಮುಚ್ಚಿಡುವ ವಿಷಯವಲ್ಲ.

ಪ್ರಶ್ನೆ: ಮ್ಯೂನಿಕ್‌ನಲ್ಲಿದ್ದೇನೆ, ನಾಲ್ಕು ವರ್ಷದಿಂದ ಸ್ನೋಬೋರ್ಡ್ ಅಭ್ಯಾಸವಿದೆ. ಬೇಸಿಗೆಯ ಒಂದು ವಾರಾಂತ್ಯ ಕೇಬಲ್‌ಗೆ ಇಡಬೇಕೆಂದಿದ್ದೇನೆ. ನೇರ ದೊಡ್ಡದಕ್ಕೇ ಹೋಗಬಹುದೇ?
— ಓದುಗರು, ಜರ್ಮನಿ

ಹೋಗಬಹುದು. ನಿಮ್ಮ ಊರಿನ ಪಕ್ಕದ ಆಶ್‌ಹೈಮ್‌ನಲ್ಲೇ ಕೇಬಲ್ ಇದೆ. ಕಲೋನ್ ಕಡೆ ಹೋಗುವುದಿದ್ದರೆ ಲಾಂಗನ್‌ಫೆಲ್ಡ್‌ನಲ್ಲಿ ಒಂದೇ ಕಡೆ ಹಲವು ಕೇಬಲ್‌ಗಳು. ಅಲ್ಲಿನ ಋತು ಸಾಧಾರಣವಾಗಿ ಏಪ್ರಿಲ್‌ನಿಂದ ಅಕ್ಟೋಬರ್. ಮೇ ತಿಂಗಳಲ್ಲೂ ನೀರು ಕೊರೆಯುತ್ತದೆ, ಉದ್ದ ತೋಳಿನ ವೆಟ್‌ಸೂಟ್ ಬಾಡಿಗೆಗೆ ಹಿಡಿಯಿರಿ.

ಸ್ನೋಬೋರ್ಡಿನಿಂದ ಬಂದವರಿಗೆ ಎರಡು ಅಭ್ಯಾಸ ಕಾಡುತ್ತವೆ. ಹಿಮದ ಇಳಿಜಾರಿನಲ್ಲಿ ಭಾರ ಮುಂಗಾಲಿಗೆ ಹಾಕುತ್ತೀರಿ. ಇಲ್ಲಿ ಹಾಗೆ ಮಾಡಿದರೆ ಹಲಗೆಯ ಮೂತಿ ನೀರಿಗೆ ಹೊಕ್ಕು ತಲೆಕೆಳಗಾಗುತ್ತೀರಿ. ಇನ್ನೊಂದು, ಅಲ್ಲಿ ತಿರುವು ನಿಮ್ಮ ಇಚ್ಛೆ. ಇಲ್ಲಿ ತಿರುವು ಕಂಬದ ಇಚ್ಛೆ.

ಆ ತಿರುವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ದೊಡ್ಡ ಕೇಬಲ್‌ನ ಗುಟ್ಟೆಲ್ಲ ಅಲ್ಲಿದೆ. ನಿಮ್ಮ ಹಗ್ಗ ಕಚ್ಚಿಕೊಂಡ ಕೊಂಡಿ ಕಂಬವನ್ನು ಸುತ್ತಿ ಹೊಸ ದಿಕ್ಕಿಗೆ ಹೊರಳಿದಾಗ ನೀವಿನ್ನೂ ಹಳೆಯ ದಿಕ್ಕಿನಲ್ಲೇ ಬರುತ್ತಿರುತ್ತೀರಿ. ಕೊಂಡಿಗೂ ನಿಮಗೂ ಅಂತರ ಕಮ್ಮಿಯಾಗಿ ಹಗ್ಗ ಜೋಲುತ್ತದೆ, ವೇಗ ಇಳಿದು ಹಲಗೆ ಮುಳುಗತೊಡಗುತ್ತದೆ. ಮರುಕ್ಷಣ ಕೊಂಡಿ ದೂರ ಓಡಿ ಹಗ್ಗ ಪಟ್ಟನೆ ಬಿಗಿಯುತ್ತದೆ. ಭುಜ ಹಿಡಿದುಕೊಳ್ಳುವುದು ಈ ಜಗ್ಗಿಗೇ. ಒಳಸುತ್ತಿನಲ್ಲಿ ಹೋದಷ್ಟೂ ಜೋಲು ಹೆಚ್ಚು, ಜಗ್ಗು ಹೆಚ್ಚು. ಆದ್ದರಿಂದ ಕಂಬಕ್ಕೆ ಇನ್ನೂ ದೂರವಿರುವಾಗಲೇ ಹೊರಬದಿಗೆ ಸರಿಯಿರಿ, ತೇಲುಬುಡ್ಡೆಯ ಹೊರಗಿನಿಂದ ಅಗಲವಾಗಿ ಸುತ್ತಿ ಹಗ್ಗ ಬಿಗಿಯಾಗಿಯೇ ಇರುವಂತೆ ನೋಡಿಕೊಳ್ಳಿ. ಜಗ್ಗು ಬರುವ ಮುಂಚೆಯೇ ಹಲಗೆಯ ಮೂತಿ ಹೊಸ ದಿಕ್ಕಿಗೆ ತಿರುಗಿರಲಿ, ಮೊಣಕಾಲು ಬಾಗಿರಲಿ, ಹ್ಯಾಂಡಲ್ ಸೊಂಟದ ಹತ್ತಿರವಿರಲಿ.

ಬಹುಪಾಲು ಕೇಬಲ್‌ಗಳು ಗಡಿಯಾರಕ್ಕೆ ಎದುರಾಗಿ ಸುತ್ತುತ್ತವೆ, ಅಂದರೆ ಎಲ್ಲವೂ ಎಡ ತಿರುವು. ಎಡಗಾಲು ಮುಂದಿಟ್ಟು ನಿಲ್ಲುವವರು ಹಿಮ್ಮಡಿಯಂಚಿಗೆ ಒರಗಿ ಸುಲಭವಾಗಿ ಹೊರಳುತ್ತಾರೆ. ಬಲಗಾಲು ಮುಂದಿನವರಿಗೆ ಬೆರಳಂಚು ಬೇಕು, ಆರಂಭದಲ್ಲಿ ತುಸು ಪಾಡು. ಎರಡು ಪಾರ್ಕುಗಳ ನಡುವೆ ಆಯ್ಕೆಯಿದ್ದರೆ ಯಾವ ದಿಕ್ಕಿಗೆ ಸುತ್ತುತ್ತದೆ ಎಂದು ಕೇಳುವುದು ತಮಾಷೆಯಲ್ಲ. ಮೊದಲ ಎರಡು ಸುತ್ತನ್ನು ನೀಬೋರ್ಡ್ ಮೇಲೆ, ಮಂಡಿಯೂರಿ ಮಾಡಿ. ಬೀಳದೆಯೇ ಜೋಲು–ಜಗ್ಗುಗಳ ಲಯ ಕೈಗೆ ಸಿಗುತ್ತದೆ.

ಬಾಡಿಗೆ ಹಲಗೆ ತೆಗೆದುಕೊಳ್ಳುವಾಗ ತೂಕ ಹೇಳಿ: 70 ಕಿಲೊ ಆಸುಪಾಸಿನವರಿಗೆ 138ರಿಂದ 142 ಸೆಂ.ಮೀ., 85 ದಾಟಿದವರಿಗೆ 144ರ ಮೇಲೆ. ದೊಡ್ಡದು ಬೇಗ ಮೇಲೇಳುತ್ತದೆ, ಹೊಸಬರಿಗೆ ಅದೇ ಹಿತ. ತಳಕ್ಕೆ ರೆಕ್ಕೆ ಸಿಕ್ಕಿಸಿದ, ದೋಣಿಗೆಂದು ಮಾಡಿದ ಹಲಗೆಯನ್ನು ರಾಂಪು–ರೈಲುಗಳ ಮೇಲೆ ಹತ್ತಿಸಬಾರದು. ಅದಕ್ಕೆ ಗಟ್ಟಿ ತಳದ ಕೇಬಲ್ ಹಲಗೆಯೇ ಬೇಕು.

ಪ್ರಶ್ನೆ: ನನ್ನ ಸ್ವಂತ ಬೋರ್ಡ್ ವಿಮಾನದಲ್ಲಿ ಒಯ್ಯಲೇ?
— ಶಿವಮೊಗ್ಗ

ಒಂದು ವಾರದೊಳಗಿನ ಪ್ರವಾಸಕ್ಕೆ ಬೇಡ. ಬೂಟು ಸೇರಿ ಆರೇಳು ಕಿಲೊ, ಒಂದೂವರೆ ಮೀಟರ್ ಉದ್ದದ ಚೀಲ. ತೂಕಕ್ಕಿಂತ ಉದ್ದಕ್ಕೆ ಹೆಚ್ಚು ದುಡ್ಡು ಕೇಳುವ ವಿಮಾನ ಕಂಪನಿಗಳಿವೆ. ಹೆಲ್ಮೆಟ್ ಮಾತ್ರ ನಿಮ್ಮದೇ ಇರಲಿ: ಸಡಿಲ ಹೆಲ್ಮೆಟ್ ಬಿದ್ದಾಗ ಬಕೆಟ್ಟಿನಂತೆ ನೀರು ಮೊಗೆದು ಕತ್ತನ್ನು ಹಿಂದಕ್ಕೆ ಜಗ್ಗುತ್ತದೆ.

ಪ್ರಶ್ನೆ: ಸೆಪ್ಟೆಂಬರಿನಲ್ಲಿ ಟಿಕೆಟ್ ಅಗ್ಗವಿದೆ. ಮಳೆಯಲ್ಲಿ ಕೇಬಲ್ ಓಡುತ್ತದೆಯೇ? ಕೆರೆ ನೀರಿನಿಂದ ಕಾಯಿಲೆ ಭಯವಿದೆಯೇ?
— ತೀರ್ಥಹಳ್ಳಿ

ಮಳೆಗೆ ನಿಲ್ಲಿಸುವುದಿಲ್ಲ, ಸಿಡಿಲಿಗೆ ನಿಲ್ಲಿಸುತ್ತಾರೆ. ಕಬ್ಬಿಣದ ಕಂಬ, ಉಕ್ಕಿನ ಹಗ್ಗ, ನೀರು, ಮೂರೂ ಕೂಡಿದ ಜಾಗದಲ್ಲಿ ಅದು ನ್ಯಾಯವೇ. ಬ್ಯಾಂಕಾಕ್ ಕಡೆ ಸೆಪ್ಟೆಂಬರ್–ಅಕ್ಟೋಬರ್ ಜಡಿಮಳೆಯ ಕಾಲ, ಮಧ್ಯಾಹ್ನದ ಮೇಲೆ ಗುಡುಗು ಹೆಚ್ಚು. ಬೆಳಗಿನ ಹೊತ್ತೇ ಬುಕ್ ಮಾಡಿ, ನಿಂತುಹೋದ ಸಮಯಕ್ಕೆ ಬದಲಿ ಕೊಡುತ್ತಾರೆಯೇ ಎಂದು ದುಡ್ಡು ಕೊಡುವ ಮುಂಚೆ ಕೇಳಿ.

ಮಲೆನಾಡಿನವರಿಗೆ ಇಲಿಜ್ವರದ ಬಗ್ಗೆ ಪಾಠ ಬೇಕಿಲ್ಲ. ಪ್ರವಾಹದ ನೀರು ಸೇರಿದ ಕೆರೆಯಲ್ಲಿ ಅದೇ ಅಪಾಯ. ಮೈಮೇಲೆ ತೆರೆದ ಗಾಯವಿದ್ದರೆ, ಅಂಗೈಯ ಬೊಬ್ಬೆ ಒಡೆದಿದ್ದರೆ ಇಳಿಯಬೇಡಿ. ಊರಿಗೆ ಮರಳಿದ ಒಂದು ತಿಂಗಳೊಳಗೆ ಜ್ವರ, ಮೀನಖಂಡದಲ್ಲಿ ನೋವು ಬಂದರೆ ಕೆರೆಗೆ ಇಳಿದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಬೊಬ್ಬೆ ಬಾರದಿರಲೆಂದು ಕೈಗೆ ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಹ್ಯಾಂಡಲ್ ಜಾರುತ್ತದೆ, ಬಿಗಿಯಾಗಿ ಹಿಡಿಯಲು ಹೋಗಿ ಬೊಬ್ಬೆ ಇನ್ನೂ ಬೇಗ ಬರುತ್ತದೆ. ಟೇಪು ಸುತ್ತಿ ಅಥವಾ ಗ್ಲೌಸ್ ಹಾಕಿ.

ಪ್ರವಾಸ ವಿಮೆಯನ್ನೂ ಇದೇ ಹೊತ್ತಿಗೆ ತೆರೆದು ಓದಿ. 'ಸಾಹಸ ಕ್ರೀಡೆ ಹೊರತುಪಡಿಸಿ' ಎಂಬ ಸಾಲು ಅನೇಕ ಪಾಲಿಸಿಗಳಲ್ಲಿ ಇರುತ್ತದೆ. ಮೊಣಕಾಲಿನ ಅಸ್ಥಿರಜ್ಜು ಹರಿದರೆ ಆಸ್ಪತ್ರೆ ಖರ್ಚು ರಜೆಯ ಖರ್ಚನ್ನು ಮೀರೀತು.

ಪ್ರಶ್ನೆ: ವಯಸ್ಸು 52. ಕನ್ನಡಕ ಹಾಕುತ್ತೇನೆ, ಬಲಗಿವಿಯಲ್ಲಿ ಹಿಂದೊಮ್ಮೆ ಸೋರಿಕೆ ಇತ್ತು. ನಾನು ನೀರಿಗಿಳಿಯಬಹುದೇ?
— ಮೈಸೂರು

ವಯಸ್ಸು ಅಡ್ಡಿಯಲ್ಲ, ಕಿವಿ ಅಡ್ಡಿಯಾಗಬಹುದು. ಹಲಗೆಯ ಅಂಚು ನೀರಿಗೆ ಸಿಕ್ಕಿ ಪಕ್ಕಕ್ಕೆ ಅಪ್ಪಳಿಸಿದಾಗ ಕಿವಿಯ ತಮಟೆ ಹರಿಯುವುದು ಈ ಆಟದ ಪರಿಚಿತ ಪೆಟ್ಟು. ಇಎನ್‌ಟಿ ವೈದ್ಯರು ನೋಡಿ ಆಗಲಿ ಎಂದರೆ ಮಾತ್ರ ಇಳಿಯಿರಿ. ಕನ್ನಡಕ ದಡದಲ್ಲಿರಲಿ, ಕಾಂಟ್ಯಾಕ್ಟ್ ಲೆನ್ಸ್ ಕೆರೆ ನೀರಿಗೆ ತಕ್ಕದ್ದಲ್ಲ. ಎರಡು ಕಂಬದ ಕೇಬಲ್‌ನಲ್ಲಿ ಎದುರಿಗಿನ ಕಂಬ ಮಸುಕಾಗಿ ಕಂಡರೂ ಸಾಕು.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ, ಚೆನ್ನಾಗಿ ಈಜುತ್ತಾಳೆ. ಜೊತೆಗೆ ಬಿಡಬಹುದೇ? ನಾವು ಸಸ್ಯಾಹಾರಿಗಳು, ದಿನವಿಡೀ ಅಲ್ಲಿದ್ದರೆ ಊಟಕ್ಕೇನು?
— ಹಾಸನ

ಎತ್ತರ, ವಯಸ್ಸಿನ ಮಿತಿ ಪಾರ್ಕಿನಿಂದ ಪಾರ್ಕಿಗೆ ಬೇರೆ, ಬರೆದು ಕೇಳಿ. ಜೊತೆಗೆ ಅವಳ ಪಾದದ ಅಳತೆಯನ್ನು ಸೆಂಟಿಮೀಟರಿನಲ್ಲಿ ಕಳಿಸಿ, ಆ ಅಳತೆಯ ಬೂಟು ಇದೆಯೇ ಎಂದು. ಮಕ್ಕಳ ವಿಷಯದಲ್ಲಿ ಎಡವಟ್ಟಾಗುವುದು ಇಲ್ಲೇ: ದೊಡ್ಡ ಬೂಟಿನೊಳಗೆ ಕಾಲು ಜಾರಿ ಒಂದು ಕಾಲು ಹೊರಬಂದು, ಇನ್ನೊಂದು ಹಲಗೆಯಲ್ಲೇ ಉಳಿದು ತಿರುಚುತ್ತದೆ. ಸರಿಯಾದ ಬೂಟು ಇಲ್ಲದಿದ್ದರೆ ನೀಬೋರ್ಡ್, ಎರಡು ಕಂಬದ ಕೇಬಲ್, ಕಮ್ಮಿ ವೇಗ. ಒಂದು ಸರದಿ ಹತ್ತು ನಿಮಿಷ ಸಾಕು, ತುಟಿ ನಡುಗಿದರೆ ಮೇಲಕ್ಕೆ ಕರೆಯಿರಿ.

ಊಟಕ್ಕೆ ಥಾಯ್ ಭಾಷೆಯ 'ಜೇ' ಎಂಬ ಒಂದು ಪದ ಕಲಿತುಕೊಳ್ಳಿ. ಮಾಂಸ, ಮೊಟ್ಟೆ, ಮೀನಿನ ಸಾಸ್ ಯಾವುದೂ ಇಲ್ಲದ್ದು ಎಂದರ್ಥ, ಬೆಳ್ಳುಳ್ಳಿ–ಈರುಳ್ಳಿಯೂ ಇರುವುದಿಲ್ಲ. ಬರೀ 'ತರಕಾರಿ' ಎಂದರೆ ಮೀನಿನ ಸಾಸ್ ಹಾಕಿದ ತರಕಾರಿಯೇ ಬಂದೀತು. ಹೊಟ್ಟೆ ಬಿರಿಯೆ ತಿಂದು ನೀರಿಗಿಳಿಯಬೇಡಿ, ಸರದಿಗೆ ಒಂದೂವರೆ ಗಂಟೆ ಮುಂಚೆ ಮುಗಿಸಿ. ಚೀಲದಲ್ಲಿ ಅವಲಕ್ಕಿ ಮಿಕ್ಸ್ಚರ್, ಬಾಳೆಹಣ್ಣು, ಓಆರ್‌ಎಸ್ ಪೊಟ್ಟಣ ಇರಲಿ.